ಸೊನ್ನೆಯನ್ನು ತಿದ್ದುವ ಕೆಲಸ: ಮೀಡಿಯಾವಿಕಿಗೆ ಕನ್ನಡದ ಸ್ವಯಂಸೇವಕರು ಏನು ಮಾಡಬಹುದು

(ಕಾಲೇಜೊಂದರ ಕಂಪ್ಯೂಟರ್ ವಿಜ್ಞಾನ ಮತ್ತು ಕನ್ನಡ ವಿಭಾಗಗಳು ಸೇರಿ ಏರ್ಪಡಿಸಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಪರದೆಯ ಮೇಲೆ ಎರಡು ಪದಗಳಿವೆ, ಒಮ್ಮೆ ಓದಿ: ಬೆಂಗಳೂರು, ಬೆ೦ಗಳೂರು. ಕೊನೆಯ ಬೆಂಚಿನವರೂ ಓದಿ. ಎರಡೂ ಒಂದೇ ಎಂದು ಮುಂದಿನ ಸಾಲಿನಿಂದ ಯಾರೋ ಹೇಳಿದರು. ಕಣ್ಣಿಗೆ ಒಂದೇ. ಕಂಪ್ಯೂಟರಿಗೆ ಮಾತ್ರ ಇವು ಬೇರೆ ಬೇರೆ ಪದಗಳು. ಮೊದಲನೆಯದರಲ್ಲಿರುವುದು ಅನುಸ್ವಾರ. ಎರಡನೆಯದರಲ್ಲಿ ಅದರ ಜಾಗದಲ್ಲಿ ಕುಳಿತಿರುವುದು ಕನ್ನಡದ ಅಂಕೆ, ನಾವು ೧೦ ಎಂದು ಬರೆಯುವಾಗ ಬಳಸುವ ಸೊನ್ನೆ. ಹಲವು ಫಾಂಟುಗಳಲ್ಲಿ ಎರಡಕ್ಕೂ ಒಂದೇ ರೂಪ. ಪ್ರತಿ ಅಕ್ಷರಕ್ಕೂ ಕಂಪ್ಯೂಟರಿಗೆ ತಿಳಿಯುವ ಸಂಕೇತ ಗೊತ್ತುಮಾಡುವ ಯೂನಿಕೋಡ್ ಎಂಬ ಜಾಗತಿಕ ಪಟ್ಟಿ ಮಾತ್ರ ಎರಡಕ್ಕೂ ಬೇರೆ ಬೇರೆ ಸಂಕೇತ ಕೊಟ್ಟಿದೆ.

ಕೆಲವು ವರ್ಷಗಳ ಹಿಂದೆ ನಮ್ಮ ಕಡೆಯ ಒಂದು ಕೆರೆಯ ಬಗ್ಗೆ ವಿಕಿಪೀಡಿಯದಲ್ಲಿ ಹುಡುಕುತ್ತಿದ್ದೆ. ಲೇಖನ ಇದೆ ಎಂದು ಗೊತ್ತಿತ್ತು, ಹಿಂದೆ ಓದಿದ್ದೆ. ಆದರೆ ಹುಡುಕಿದರೆ ಸಿಗುತ್ತಿರಲಿಲ್ಲ. ಕೆರೆಯ ಹೆಸರಿನಲ್ಲಿ ಒಂದು ಅನುಸ್ವಾರವಿತ್ತು. ಬೇರೊಂದು ಪುಟದ ಕೊಂಡಿಯಿಂದ ಲೇಖನ ತಲುಪಿ, ಶೀರ್ಷಿಕೆಯ ಅಕ್ಷರಗಳನ್ನು ಒಂದೊಂದಾಗಿ ಬಿಡಿಸಿ ನೋಡಿದಾಗ ಈ ಸೊನ್ನೆ ಸಿಕ್ಕಿತು. ಯಾರೋ ಶ್ರದ್ಧೆಯಿಂದ ಬರೆದ ಲೇಖನ. ಆ ಕೆರೆಯ ತೂಬು, ಅದರ ಕೆಳಗಿನ ಗದ್ದೆ, ಎಲ್ಲವೂ ಅದರಲ್ಲಿದ್ದವು. ಹೆಸರನ್ನು ಸರಿಯಾಗಿ ಟೈಪ್ ಮಾಡಿ ಹುಡುಕುವವರಿಗೆ ಮಾತ್ರ ಅದು ಇಲ್ಲವೇ ಇಲ್ಲ. ಆ ದಿನದಿಂದ ನನಗೆ ಈ ಕೆಲಸದ ನಂಟು.

ಇಂದು ನಾನು ಮಾತನಾಡಬೇಕೆಂದಿರುವುದು ಮೀಡಿಯಾವಿಕಿ ಎಂಬ, ಯಾರು ಬೇಕಾದರೂ ಬಳಸಿ ತಿದ್ದಬಹುದಾದ ಮುಕ್ತ ತಂತ್ರಾಂಶದ ಬಗ್ಗೆ. ವಿಕಿಪೀಡಿಯ ಎಲ್ಲರಿಗೂ ಗೊತ್ತು, ಅದನ್ನು ಹೊತ್ತು ನಿಂತಿರುವ ತಂತ್ರಾಂಶದ ಹೆಸರು ಅಷ್ಟಾಗಿ ಗೊತ್ತಿಲ್ಲ. ಅದರ ಮೊದಲ ರೂಪವನ್ನು ಪಿಎಚ್‌ಪಿ ಭಾಷೆಯಲ್ಲಿ ಬರೆದವರು ಜರ್ಮನಿಯ ಮ್ಯಾಗ್ನಸ್ ಮ್ಯಾನ್ಸ್ಕೆ. ಆಗ ಅವರಿನ್ನೂ ವಿದ್ಯಾರ್ಥಿ. 2002ರ ಜನವರಿಯಲ್ಲಿ ಅದು ಬಳಕೆಗೆ ಬಂತು, ಅದೇ ವರ್ಷ ಲೀ ಡೇನಿಯಲ್ ಕ್ರಾಕರ್ ಅದನ್ನು ಹೊಸದಾಗಿ ಬರೆದರು. ಇಂದು ಮುನ್ನೂರಕ್ಕೂ ಹೆಚ್ಚು ಭಾಷೆಗಳ ವಿಕಿಪೀಡಿಯ, ವಿಕಿಸೋರ್ಸ್ ಎಂಬ ಪುಸ್ತಕ ಭಂಡಾರ, ವಿಕ್ಷನರಿ ಎಂಬ ನಿಘಂಟು, ಇವೆಲ್ಲ ನಡೆಯುವುದು ಇದರ ಮೇಲೆಯೇ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ, 2016ರ ಆಗಸ್ಟ್‌ನಲ್ಲಿ ಸ್ವಂತ ಮನೆ ಪಡೆದ ತುಳು ವಿಕಿಪೀಡಿಯ, ಕನ್ನಡ ಲಿಪಿಯ ಲೇಖನಗಳಿಗೂ ಜಾಗವಿರುವ ಕೊಂಕಣಿ ವಿಕಿಪೀಡಿಯ, ಇವೆಲ್ಲಕ್ಕೂ ತಳಪಾಯ ಒಂದೇ.

ಈ ಒಂದೇ ತಳಪಾಯ ಎಂಬುದನ್ನು ದಯವಿಟ್ಟು ಗಮನಿಸಿ. ಪ್ರತಿ ವರ್ಷ ಅಂತಿಮ ವರ್ಷದ ವಿದ್ಯಾರ್ಥಿಗಳು ಕನ್ನಡಕ್ಕಾಗಿ ಏನಾದರೂ ಮಾಡಬೇಕು ಎಂದು ನನ್ನ ಬಳಿ ಬರುತ್ತಾರೆ. ಹೆಚ್ಚಿನವರ ಮನಸ್ಸಿನಲ್ಲಿ ಹೊಸದೊಂದು ಆ್ಯಪ್ ಇರುತ್ತದೆ. ಆರು ತಿಂಗಳು ದುಡಿದು ಮಾಡುತ್ತಾರೆ, ಅಂಕ ಬರುತ್ತದೆ, ಅವರು ಕೆಲಸಕ್ಕೆ ಸೇರುತ್ತಾರೆ, ಮುಂದಿನ ವರ್ಷ ಆ ಆ್ಯಪ್ ತೆರೆಯುವುದಿಲ್ಲ. ಅವರ ಶ್ರಮ ಕಂಡು ನನಗೆ ಸಂಕಟವಾಗುತ್ತದೆ. ಅದೇ ಆರು ತಿಂಗಳನ್ನು ಲಕ್ಷಾಂತರ ಜನ ಆಗಲೇ ಬಳಸುತ್ತಿರುವ ತಂತ್ರಾಂಶದ ಒಂದು ಕೊರತೆಗೆ ಕೊಟ್ಟರೆ, ನೀವು ಬಿಟ್ಟುಹೋದ ಮೇಲೂ ಅದನ್ನು ನೋಡಿಕೊಳ್ಳುವವರು ಇರುತ್ತಾರೆ. ಕೊರತೆಯನ್ನು ಕನ್ನಡದ ಪುಟದಲ್ಲಿ ತೇಪೆ ಹಾಕಿ ಮುಚ್ಚುವುದಕ್ಕಿಂತ ಬುಡದಲ್ಲೇ ಸರಿಪಡಿಸಿದರೆ ತುಳುವಿಗೂ ಕೊಂಕಣಿಗೂ ನೀರು ಹರಿಯುತ್ತದೆ. ನಾನು ಇಂದು ಹೇಳುವ ಯೋಜನೆಗಳೆಲ್ಲ ಈ ಒಂದು ನಂಬಿಕೆಯಿಂದ ಬಂದವು.

ಸೊನ್ನೆಯಿಂದಲೇ ಮುಂದುವರಿಯುತ್ತೇನೆ. ಇಂಥ ಸೊನ್ನೆಗಳನ್ನು ಹುಡುಕಿ ತಿದ್ದುವ ಬಾಟ್, ಅಂದರೆ ತಾನಾಗಿಯೇ ಪುಟಗಳನ್ನು ತಿದ್ದುತ್ತಾ ಹೋಗುವ ಪ್ರೋಗ್ರಾಂ, ಬರೆಯುವುದು ಎರಡನೆಯ ವರ್ಷದ ವಿದ್ಯಾರ್ಥಿಗೂ ಸಾಧ್ಯ. ಪೈಥಾನ್ ಗೊತ್ತಿದ್ದರೆ ಪೈವಿಕಿಬಾಟ್ ಎಂಬ ಸಿದ್ಧ ಸಲಕರಣೆ ಇದೆ. ಆದರೆ ಕಣ್ಣುಮುಚ್ಚಿ ಎಲ್ಲ ಸೊನ್ನೆಗಳನ್ನೂ ಅನುಸ್ವಾರ ಮಾಡಿದರೆ ೨೦೦೫ ಎಂಬ ಇಸವಿಯೂ ಕೆಡುತ್ತದೆ. ಸೊನ್ನೆಯ ಹಿಂದಿರುವುದು ಅಕ್ಷರವೋ ಅಂಕೆಯೋ ಎಂದು ನೋಡಬೇಕು. ಹಿಂದೆ ಅಕ್ಷರ ಅಥವಾ ಕಾಗುಣಿತದ ಚಿಹ್ನೆ ಇದ್ದರೆ ಅದು ಬಹುಮಟ್ಟಿಗೆ ಅನುಸ್ವಾರ. ‘೧೦ರಲ್ಲಿ’ ಎಂಬಲ್ಲಿ ಮುಂದೆ ಅಕ್ಷರವಿದ್ದರೂ ಹಿಂದೆ ಅಂಕೆ ಇದೆ, ಅದನ್ನು ಮುಟ್ಟಬಾರದು. ಮೊದಲು ನೂರು ಪುಟ ಕೈಯಲ್ಲೇ ತಿದ್ದಿ, ಎಲ್ಲೆಲ್ಲಿ ನಿಯಮ ತಪ್ಪುತ್ತದೆ ಎಂದು ಪಟ್ಟಿ ಮಾಡಿ, ಸಮುದಾಯದ ಒಪ್ಪಿಗೆ ಪಡೆದು, ಆಮೇಲೆ ಬಾಟ್ ಓಡಿಸಿ. ಹೊಸದಾಗಿ ಬರೆಯುವವರು ತಪ್ಪು ಸೊನ್ನೆ ಹಾಕಿದಾಗ ಉಳಿಸುವ ಮೊದಲೇ ಎಚ್ಚರಿಸುವ ಗ್ಯಾಜೆಟ್ (ವಿಕಿಗೆ ಸೇರಿಸಿಕೊಳ್ಳುವ ಸಣ್ಣ ಪ್ರೋಗ್ರಾಂ) ಬರೆದರೆ ಇನ್ನೂ ಒಳ್ಳೆಯದು. ಅದಕ್ಕೆ ಜಾವಾಸ್ಕ್ರಿಪ್ಟ್ ಸಾಕು.

ಸೊನ್ನೆಗೆ ಒಡಹುಟ್ಟಿದ ತೊಂದರೆಗಳೂ ಇವೆ. ‘ರ‍್ಯಾಂಕ್’ ಎಂದು ಬರೆಯಲು ರಕಾರದ ನಂತರ ಕಣ್ಣಿಗೆ ಕಾಣದ ಒಂದು ಜೋಡಕ ಬೇಕು. ಅದಿಲ್ಲದಿದ್ದರೆ ಅರ್ಕಾವೊತ್ತು ಬಂದು ‘ರ್ಯಾಂಕ್’ ಆಗುತ್ತದೆ. ‘ಸಾಫ್ಟ್‌ವೇರ್’ ಎಂಬುದನ್ನು ಒತ್ತಕ್ಷರವಾಗದಂತೆ ಬಿಡಿಸಿ ಬರೆಯಲು ಇನ್ನೊಂದು ಕಾಣದ ಚಿಹ್ನೆ ಬೇಕು. ಒಬ್ಬರು ಹಾಕುತ್ತಾರೆ, ಇನ್ನೊಬ್ಬರು ಬಿಡುತ್ತಾರೆ. ಹೀಗೆ ಒಂದೇ ವಿಷಯಕ್ಕೆ ಎರಡು ಶೀರ್ಷಿಕೆ ಹುಟ್ಟಬಹುದು. ಇಂಥ ಜೋಡಿಗಳನ್ನು ಹುಡುಕಿ ಪಟ್ಟಿ ಮಾಡಿ, ಒಂದರಿಂದ ಇನ್ನೊಂದಕ್ಕೆ ದಾರಿ ಹಾಕಿಕೊಡುವುದು ಎರಡು ವಾರದ ಕೆಲಸ.

ಎರಡು ವಾರದಲ್ಲಿ ಮುಗಿಯದ ಕೆಲಸಕ್ಕೆ ಬರುತ್ತೇನೆ. ನನ್ನ ಮಟ್ಟಿಗೆ ಇಂದಿನ ಮಾತಿನ ಮುಖ್ಯ ಭಾಗ ಇದೇ.

ವಿಕಿಪೀಡಿಯದ ಹುಡುಕುವ ಪೆಟ್ಟಿಗೆಯಲ್ಲಿ ‘ಹಂಪಿ’ ಎಂದು ಹಾಕುತ್ತೀರಿ. ಲೇಖನಗಳ ಒಳಗೆ ‘ಹಂಪಿಯಲ್ಲಿ’, ‘ಹಂಪಿಗೆ’, ‘ಹಂಪಿಯಿಂದ’, ‘ಹಂಪೆಯ’ ಎಂದೆಲ್ಲ ಇರುತ್ತದೆ. ಇಂಗ್ಲಿಷಿನಲ್ಲಿ ಊರಿನ ಹೆಸರು ಹಾಗೇ ನಿಂತು, ಪಕ್ಕದಲ್ಲಿ ಬೇರೆ ಪದ ಬರುತ್ತದೆ. ನಮ್ಮಲ್ಲಿ ಪ್ರತ್ಯಯ ಪದಕ್ಕೇ ಅಂಟಿಕೊಳ್ಳುತ್ತದೆ, ಅಂಟುವಾಗ ಪದದ ಬಾಲವನ್ನೂ ಬದಲಿಸುತ್ತದೆ. ಮೈಸೂರು ಮೈಸೂರಿನಲ್ಲಿ ಆಗುತ್ತದೆ, ಧಾರವಾಡ ಧಾರವಾಡದಲ್ಲಿ ಆಗುತ್ತದೆ, ಕೊಡಗು ಕೊಡಗಿನಲ್ಲಿ ಆಗುತ್ತದೆ. ಇದು ಶಾಲೆಯ ಮಗುವಿಗೂ ಗೊತ್ತು. ಹುಡುಕುವ ತಂತ್ರಾಂಶಕ್ಕೆ ಗೊತ್ತಿಲ್ಲ, ಏಕೆಂದರೆ ಅದಕ್ಕೆ ಯಾರೂ ಹೇಳಿಕೊಟ್ಟಿಲ್ಲ. ಪದದ ಬಾಲ ಕಳಚಿ ಮೂಲ ರೂಪ ಹುಡುಕುವ ಸೌಲಭ್ಯ ಹಿಂದಿ, ಬಂಗಾಳಿ ಭಾಷೆಗಳಿಗೆ ಅದೇ ತಂತ್ರಾಂಶದಲ್ಲಿ ಸಿದ್ಧವಾಗಿ ಸಿಗುತ್ತದೆ. ಕನ್ನಡಕ್ಕೆ ಅದನ್ನು ನಾವೇ ಕಟ್ಟಿಕೊಡಬೇಕು.

ನಾಮಪದದ ವಿಭಕ್ತಿಗಳಿಂದ ಆರಂಭಿಸಿ. ಅನ್ನು, ಇಂದ, ಗೆ, ಕ್ಕೆ, ಅಲ್ಲಿ, ಇವುಗಳ ಹಿಂದೆ ಬರುವ ಯಕಾರ, ವಕಾರ, ‘ಇನ್’, ‘ದ’ ಎಂಬ ಕೊಂಡಿಗಳು. ಸಾಲಾಗಿ ಬರೆದರೆ ನಿಯಮಗಳು ಒಂದೆರಡು ಪುಟದಲ್ಲಿ ಹಿಡಿಯುತ್ತವೆ. ನಂತರ ಬಹುವಚನದ ‘ಗಳು’. ನಂತರ ‘ಊ’, ‘ಏ’, ‘ಆದರೂ’ ಎಂಬ ಬಾಲದ ಮೇಲಿನ ಬಾಲಗಳು: ‘ಊರುಗಳಲ್ಲಿಯೂ’ ಎಂಬ ಒಂದೇ ಪದದಲ್ಲಿ ಮೂರು ಬಾಲಗಳಿವೆ. ಇಷ್ಟಕ್ಕೇ ನಿಂತರೂ ಹುಡುಕಾಟ ಎಷ್ಟೋ ಸುಧಾರಿಸುತ್ತದೆ. ಆದರೆ ಬಾಲವನ್ನು ಹೆಚ್ಚು ಕತ್ತರಿಸಿದರೆ ಅಪಾಯ. ‘ಅಣ್ಣಿಗೇರಿ’ಯ ನಡುವಿನ ‘ಗೇ’ ಪ್ರತ್ಯಯವೆಂದು ತಿಳಿದು ಊರಿನ ಹೆಸರನ್ನೇ ಮುರಿಯುವಂತಾಗಬಾರದು. ‘ಬೇಸಿಗೆ’ಯ ಕೊನೆಯ ‘ಗೆ’ಯೂ ಚತುರ್ಥಿ ವಿಭಕ್ತಿಯಲ್ಲ, ‘ಹೊಟ್ಟೆಗೆ’ಯಲ್ಲಿರುವುದು ಹೌದು. ಎಲ್ಲಿ ಕತ್ತರಿಸಬೇಕು, ಎಲ್ಲಿ ನಿಲ್ಲಬೇಕು ಎಂಬ ತೀರ್ಮಾನಕ್ಕೆ ಕನ್ನಡ ಬಲ್ಲವರು ಬೇಕು, ಅದನ್ನು ವೇಗವಾಗಿ ನಡೆಸಲು ಪ್ರೋಗ್ರಾಮಿಂಗ್ ಬಲ್ಲವರು ಬೇಕು. ಈ ಸಭಾಂಗಣದಲ್ಲಿ ಎರಡೂ ವಿಭಾಗದವರು ಒಟ್ಟಿಗೆ ಕುಳಿತಿರುವುದು ನನಗೆ ಇಷ್ಟು ಸಂತೋಷ ಕೊಟ್ಟಿರುವುದು ಇದಕ್ಕಾಗಿಯೇ.

ಇದೇ ವ್ಯಾಕರಣ ಇನ್ನೊಂದು ಕಡೆಯೂ ಕೈ ಕೊಡುತ್ತದೆ. ಮೀಡಿಯಾವಿಕಿಯ ಗುಂಡಿಗಳು, ಸೂಚನೆಗಳು, ಎಚ್ಚರಿಕೆಗಳೆಲ್ಲ ಕನ್ನಡಕ್ಕೆ ಬರುವುದು ಟ್ರಾನ್ಸ್‌ಲೇಟ್‌ವಿಕಿ ಎಂಬ ತಾಣದಲ್ಲಿ. ಫಿನ್ಲೆಂಡಿನ ನಿಕ್ಲಾಸ್ ಲಾಕ್ಸ್‌ಸ್ಟ್ರೋಮ್ ಆರಂಭಿಸಿದ ತಾಣ ಅದು. ಅಲ್ಲಿ ಖಾತೆ ತೆರೆದು ಇಂದೇ ಅನುವಾದ ಶುರುಮಾಡಬಹುದು. ಅಲ್ಲಿ ‘$1 ನಲ್ಲಿ ಹುಡುಕು’ ಎಂಬಂಥ ಒಂದು ಸಾಲು ಬರುತ್ತದೆ ಎಂದುಕೊಳ್ಳಿ. ಆ $1 ಜಾಗದಲ್ಲಿ ತಂತ್ರಾಂಶ ತಾನೇ ಒಂದು ಹೆಸರು ತುಂಬುತ್ತದೆ. ಆಗ ‘ವಿಕಿಪೀಡಿಯ ನಲ್ಲಿ’ ಎಂಬ ಒಡೆದ ಕನ್ನಡ ಪರದೆಯ ಮೇಲೆ ಬರುತ್ತದೆ. ಅನುವಾದಕರ ತಪ್ಪಿಲ್ಲ. ಅವರಿಗೆ ಮುಂದೆ ಯಾವ ಪದ ಬಂದು ಕೂರುತ್ತದೆ ಎಂದು ಗೊತ್ತಿರುವುದಿಲ್ಲ.

ಫಿನ್ನಿಶ್ ಮತ್ತು ಹಂಗೇರಿಯನ್ ಭಾಷೆಗಳಿಗೂ ನಮ್ಮ ಹಾಗೆಯೇ ಪ್ರತ್ಯಯ ಅಂಟಿಸುವ ಗುಣ ಇದೆ. ಅವರು ಸುಮ್ಮನೆ ಕೂರಲಿಲ್ಲ. ಹೆಸರಿಗೆ ಯಾವ ವಿಭಕ್ತಿ ಬೇಕೆಂದು ಅನುವಾದಕ ಹೇಳಿದರೆ ಸರಿಯಾದ ರೂಪ ಕೊಡುವ ನಿಯಮಗಳನ್ನು ಮೀಡಿಯಾವಿಕಿಯ ಒಳಗೇ ಬರೆದಿಟ್ಟರು. ಆ ದಾರಿ ತೆರೆದೇ ಇದೆ. ಕನ್ನಡದ ಸಪ್ತಮಿ, ಚತುರ್ಥಿ, ಷಷ್ಠಿ ಈ ಮೂರು ವಿಭಕ್ತಿಗಳಿಗೆ ಅಂಥ ನಿಯಮ ಬರೆದುಕೊಟ್ಟರೂ ಪರದೆಯ ಮೇಲಿನ ಕನ್ನಡ ಕನ್ನಡದಂತೆ ಓದಿಸಿಕೊಳ್ಳುತ್ತದೆ. ತುಳುವಿನವರು ಅದನ್ನೇ ಮಾದರಿಯಾಗಿಟ್ಟುಕೊಂಡು ತಮ್ಮದನ್ನು ಬರೆಯಬಹುದು.

ಲಿಂಗದ ವಿಷಯದಲ್ಲಿ ನಮಗೆ ಒಂದು ಅನುಕೂಲವಿದೆ. ‘ಸಂಪಾದಿಸಿದನು’, ‘ಸಂಪಾದಿಸಿದಳು’ ಎಂಬ ಗೊಂದಲಕ್ಕೆ ತಂತ್ರಾಂಶದಲ್ಲಿ ವ್ಯವಸ್ಥೆ ಇದ್ದರೂ, ‘ಸಂಪಾದಿಸಿದರು’ ಎಂಬ ಗೌರವದ ರೂಪ ಎಲ್ಲರಿಗೂ ಒಪ್ಪುತ್ತದೆ. ಅನುವಾದ ಮಾಡುವವರಿಗೆ ನನ್ನದೊಂದು ಕೋರಿಕೆ: ನಿಘಂಟಿನ ಪದಕ್ಕೆ ಜೋತು ಬೀಳಬೇಡಿ. ಬಳಸುವವರು ಏನನ್ನುತ್ತಾರೋ ಅದನ್ನೇ ಬರೆಯಿರಿ. ‘ಪಾಸ್‌ವರ್ಡ್’ ಎಂದರೆ ಊರಿನ ಅಂಗಡಿಯವರಿಗೂ ಅರ್ಥವಾಗುತ್ತದೆ. ಅದಕ್ಕೆ ಹೊಸ ಸಂಸ್ಕೃತ ಸಮಾಸ ಕಟ್ಟಿದರೆ ಅವರು ಇಂಗ್ಲಿಷ್ ಪರದೆಗೆ ಹಿಂದಿರುಗುತ್ತಾರೆ.

ಈಗ ವಿಕಿಸೋರ್ಸ್. ಹಕ್ಕುಸ್ವಾಮ್ಯ ಮುಗಿದ ಅಥವಾ ಮುಕ್ತ ಪರವಾನಗಿಯಲ್ಲಿ ಬಿಡುಗಡೆಯಾದ ಪುಸ್ತಕಗಳನ್ನು ಅಲ್ಲಿ ಪಠ್ಯವಾಗಿಸುತ್ತಾರೆ. ಮೈಸೂರು ವಿಶ್ವವಿದ್ಯಾನಿಲಯ ತನ್ನ ಕನ್ನಡ ವಿಶ್ವಕೋಶವನ್ನು 2014ರಲ್ಲಿ ಮುಕ್ತ ಪರವಾನಗಿಗೆ ತಂದದ್ದು ನಮ್ಮ ಪಾಲಿನ ದೊಡ್ಡ ಉಡುಗೊರೆ. ವಿಕಿಸೋರ್ಸ್‌ನಲ್ಲಿ ಎಡಕ್ಕೆ ಪಠ್ಯ, ಬಲಕ್ಕೆ ಸ್ಕ್ಯಾನ್ ಮಾಡಿದ ಪುಟದ ಚಿತ್ರ. ಒಬ್ಬರು ಓದಿ ತಿದ್ದಿದರೆ ಪುಟಕ್ಕೆ ಹಳದಿ ಬಣ್ಣ, ಇನ್ನೊಬ್ಬರು ಮತ್ತೆ ಓದಿ ಒಪ್ಪಿದರೆ ಹಸಿರು. ಮೊದಲ ಪಠ್ಯವನ್ನು ಯಂತ್ರವೇ ಚಿತ್ರದಿಂದ ಓದಿ ಕೊಡುತ್ತದೆ. ಅದರಲ್ಲಿ ಟೆಸರಾಕ್ಟ್ ಎಂಬ ಮುಕ್ತ ತಂತ್ರಾಂಶದ ಪಾಲಿದೆ.

ಹಳೆಯ ಮೊಳೆ ಜೋಡಿಸಿ ಅಚ್ಚು ಹಾಕಿದ ಪುಟವೊಂದನ್ನು ಹತ್ತಿರದಿಂದ ನೋಡಿ. ಥಕಾರದ ಹೊಟ್ಟೆಯ ಚುಕ್ಕಿ ಶಾಯಿಯಲ್ಲಿ ಮುಳುಗಿರುತ್ತದೆ. ಧಕಾರದ ಕೆಳಗಿನ ಸೀಳು ತುಂಬಿಕೊಂಡು ದಕಾರವಾಗಿರುತ್ತದೆ. ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗಿರುತ್ತದೆ. ಯಂತ್ರ ಇಲ್ಲೆಲ್ಲ ಎಡವುತ್ತದೆ. ಎಲ್ಲಿ ಎಡವುತ್ತದೆ ಎಂಬುದಕ್ಕೆ ಒಂದು ಲೆಕ್ಕ ಇಡುವ ಯೋಜನೆ ನನ್ನ ಮನಸ್ಸಿಗೆ ತುಂಬ ಹತ್ತಿರವಾದದ್ದು. ಯಂತ್ರ ಕೊಟ್ಟ ಪಠ್ಯ ಮತ್ತು ಹಸಿರು ಬಣ್ಣ ಪಡೆದ ಪಠ್ಯ ಎರಡೂ ಪುಟದ ಇತಿಹಾಸದಲ್ಲಿ ಉಳಿದಿರುತ್ತವೆ. ಎರಡನ್ನೂ ಹೋಲಿಸಿ, ಯಾವ ಅಕ್ಷರ ಯಾವುದಾಗಿ ಎಷ್ಟು ಸಲ ತಪ್ಪಿದೆ ಎಂದು ಎಣಿಸಿದರೆ, ಮುಂದಿನ ಪುಸ್ತಕಕ್ಕೆ ತಿದ್ದುಪಡಿಯ ಸಲಹೆ ಕೊಡುವ ಸಲಕರಣೆ ಮಾಡಬಹುದು. ಆ ಜೋಡಿ ಪಠ್ಯಗಳೇ ಟೆಸರಾಕ್ಟ್‌ಗೆ ಮತ್ತೆ ಪಾಠ ಹೇಳಿಕೊಡಲು ಸಾಮಗ್ರಿಯಾಗುತ್ತವೆ.

ಹಳಗನ್ನಡದ ಕೃತಿಗಳಲ್ಲಿ ಱ, ೞ ಬರುತ್ತವೆ. ಇವಕ್ಕೆ ಹೆಚ್ಚಿನ ಆರೈಕೆ ಬೇಕು. ೞ ಅಕ್ಷರಕ್ಕೆ ಯೂನಿಕೋಡ್ ಪಟ್ಟಿಯಲ್ಲಿ ತಪ್ಪಾಗಿ ‘ಫ’ ಎಂಬ ಹೆಸರು ದಾಖಲಾಗಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸುವುದಿಲ್ಲ ಎಂಬುದು ಅವರ ನಿಯಮ. ಆದ್ದರಿಂದ ಸರಿಯಾದ ಹೆಸರನ್ನು ಪಕ್ಕದಲ್ಲಿ ಪರ್ಯಾಯವಾಗಿ ಸೇರಿಸಿದ್ದಾರೆ, ತಪ್ಪು ಹೆಸರು ಹಾಗೇ ಉಳಿದಿದೆ. ಸಮಯಕ್ಕೆ ಸರಿಯಾಗಿ ಕನ್ನಡ ಬಲ್ಲ ಒಬ್ಬರು ಆ ಪಟ್ಟಿ ನೋಡಿದ್ದರೆ ಸಾಕಿತ್ತು ಎಂದು ನನಗೆ ಯಾವಾಗಲೂ ಅನ್ನಿಸುತ್ತದೆ. ತುಳು–ತಿಗಳಾರಿ ಲಿಪಿ 2024ರ ಸೆಪ್ಟೆಂಬರ್‌ನಲ್ಲಿ ಯೂನಿಕೋಡ್‌ನ 16ನೇ ಆವೃತ್ತಿಯಲ್ಲಿ ಸೇರಿದೆ. ಅದಕ್ಕೆ ಕೀಲಿಮಣೆ ವಿನ್ಯಾಸ, ಫಾಂಟು, ಪರೀಕ್ಷೆ ಎಲ್ಲವೂ ಬೇಕಾಗುವ ಕಾಲ ಇದು. ದಕ್ಷಿಣ ಕನ್ನಡ, ಉಡುಪಿ ಕಡೆಯಿಂದ ಬಂದವರು ಇಲ್ಲಿದ್ದರೆ ದಯವಿಟ್ಟು ಈ ಮಾತನ್ನು ಮನಸ್ಸಿನಲ್ಲಿಡಿ. ಮೀಡಿಯಾವಿಕಿಯಲ್ಲಿ ಕನ್ನಡ ಟೈಪ್ ಮಾಡಲು ಲಿಪ್ಯಂತರಣ, ಇನ್‌ಸ್ಕ್ರಿಪ್ಟ್ ಮತ್ತು ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬಂದ ಕಗಪ ಕೀಲಿಮಣೆ ಆಗಲೇ ಇವೆ. ಹೊಸ ಲಿಪಿಗೆ ಇನ್ನೊಂದು ಸೇರಿಸಲು ಬೇಕಾದದ್ದು ಒಂದು ಸಣ್ಣ ಜಾವಾಸ್ಕ್ರಿಪ್ಟ್ ಕಡತ: ಯಾವ ಕೀಲಿಗೆ ಯಾವ ಅಕ್ಷರ ಎಂಬ ಪಟ್ಟಿ.

ಇನ್ನು ಕೆಲವನ್ನು ಬೇಗ ಹೇಳಿ ಮುಗಿಸುತ್ತೇನೆ. ಕನ್ನಡ ವಿಕಿಪೀಡಿಯದ ಲೇಖನದ ಬದಿಯಲ್ಲಿ ಕಾಣುವ ಎಷ್ಟೋ ಮಾಹಿತಿ ಪೆಟ್ಟಿಗೆಗಳಲ್ಲಿ ಇಂಗ್ಲಿಷ್ ಪದಗಳು ಉಳಿದಿವೆ. ಅವುಗಳ ಹಿಂದಿರುವ ಲುವಾ ಎಂಬ ಪ್ರೋಗ್ರಾಮಿಂಗ್ ಭಾಷೆಯ ಮಾಡ್ಯೂಲುಗಳನ್ನು (ಕೋಡಿನ ತುಣುಕುಗಳನ್ನು) ಸರಿಪಡಿಸುವುದು ಕಲಿಯುವವರಿಗೆ ಒಳ್ಳೆಯ ಅಭ್ಯಾಸ. ಇಂಟರ್ನೆಟ್ ಇಲ್ಲದ ಶಾಲೆಗಳಿಗೆ ಕಿವಿಕ್ಸ್ ಎಂಬ ಮುಕ್ತ ತಂತ್ರಾಂಶದ ಮೂಲಕ ಕನ್ನಡ ವಿಕಿಪೀಡಿಯವನ್ನು ಒಂದೇ ಕಡತವಾಗಿ ಒಯ್ಯಬಹುದು. ನಿಮ್ಮ ಊರಿನ ಶಾಲೆಯ ಹಳೆಯ ಕಂಪ್ಯೂಟರಿನಲ್ಲಿ ಹಾಕಿ, ಮಕ್ಕಳು ಎಲ್ಲಿ ತಡವರಿಸುತ್ತಾರೆ ಎಂದು ನೋಡಿ ದೂರು ದಾಖಲಿಸಿದರೂ ಅದು ಕೊಡುಗೆಯೇ.

ವಿಕಿಪೀಡಿಯಕ್ಕೆ ಒಡಹುಟ್ಟಿದ ಮಾಹಿತಿ ಕೋಶವಾದ ವಿಕಿಡೇಟಾದಲ್ಲಿ 2018ರಿಂದ ಪದಗಳ ರೂಪ, ಅರ್ಥಗಳನ್ನು ದಾಖಲಿಸುವ ವ್ಯವಸ್ಥೆ ಇದೆ. ಅಲ್ಲಿ ಕನ್ನಡದ ಪದ ಸೇರಿಸಬಹುದು. ಆದರೆ ಒಂದು ಎಚ್ಚರಿಕೆ. ವಿ. ಕೃಷ್ಣ ಅವರ ‘ಅಲರ್’ ನಿಘಂಟು ಮುಕ್ತವಾಗಿ ಸಿಗುತ್ತದೆ ಎಂದು ಅದನ್ನು ಇಡಿಯಾಗಿ ಅಲ್ಲಿಗೆ ಸುರಿಯಬಾರದು. ಅದರ ಪರವಾನಗಿ ಕೆಲವು ಷರತ್ತುಗಳನ್ನು ಹಾಕುತ್ತದೆ, ವಿಕಿಡೇಟಾದ್ದು ಯಾವ ಷರತ್ತೂ ಇಲ್ಲದ ಪರವಾನಗಿ. ಮುಕ್ತ ಎಂದು ಎರಡಕ್ಕೂ ಹೇಳುತ್ತೇವೆ, ಎರಡೂ ಒಂದೇ ಅಲ್ಲ. ಒಬ್ಬ ವಿದ್ವಾಂಸರು ದಶಕಗಳ ಕಾಲ ಕುಳಿತು ಮಾಡಿದ ಕೆಲಸಕ್ಕೆ ಅವರು ಕೇಳಿದ ಗೌರವ ಸಲ್ಲಬೇಕು.

ಕೆಲಸ ಆರಂಭಿಸುವುದು ಹೇಗೆ? ಮೀಡಿಯಾವಿಕಿಯ ತೊಂದರೆಗಳನ್ನೆಲ್ಲ ಫ್ಯಾಬ್ರಿಕೇಟರ್ ಎಂಬಲ್ಲಿ ದಾಖಲಿಸುತ್ತಾರೆ. ಹೊಸಬರಿಗೆ ತಕ್ಕವು ಎಂದು ಗುರುತು ಹಾಕಿದ ಕೆಲಸಗಳು ಅಲ್ಲೇ ಸಿಗುತ್ತವೆ. ಬರೆದ ಕೋಡನ್ನು ಗೆರಿಟ್ ಎಂಬಲ್ಲಿಗೆ ಕಳುಹಿಸಬೇಕು. ಅಲ್ಲಿ ಹಳಬರು ಸಾಲು ಸಾಲಾಗಿ ಓದಿ ಪ್ರಶ್ನೆ ಕೇಳುತ್ತಾರೆ. ನಾನು ಮೊದಲು ಕಳುಹಿಸಿದ್ದು ಹನ್ನೆರಡು ಸಾಲಿನ ತಿದ್ದುಪಡಿ. ಅದು ಒಳಗೆ ಸೇರಲು ನಾಲ್ಕು ತಿಂಗಳು ಹಿಡಿಯಿತು. ಆ ನಾಲ್ಕು ತಿಂಗಳಲ್ಲಿ ಕೋಡಿನ ಬಗ್ಗೆ ಬಂದದ್ದು ಎರಡೇ ಪ್ರಶ್ನೆ. ಉಳಿದವೆಲ್ಲ ಭಾಷೆಯ ಬಗ್ಗೆ. ಕನ್ನಡದ ಒಂದಕ್ಷರವೂ ಬಾರದ ಪರಿಶೀಲಕರು ಕೇಳಿದರು: ಈ ಪದ ವ್ಯಂಜನದಿಂದ ಮುಗಿದರೆ ಏನಾಗಬೇಕು? ಬೇರೆ ಭಾಷೆಯಿಂದ ಬಂದ ಹೆಸರಾದರೆ? ಹತ್ತು ಉದಾಹರಣೆ ಕೊಡಿ. ನಾನು ಉತ್ತರಿಸಲು ಆಗದೆ, ನನಗೆ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿದ ಮೇಷ್ಟ್ರ ಮನೆಗೆ ಹೋದೆ. ಅವರು ಒಂದು ಹಾಳೆಯ ಎರಡೂ ಬದಿ ತುಂಬ ಬರೆದುಕೊಟ್ಟರು. ಆ ಹಾಳೆಯನ್ನು ಪರೀಕ್ಷಾ ಕಡತವಾಗಿಸಿ ಕಳುಹಿಸಿದ ವಾರಕ್ಕೆ ತಿದ್ದುಪಡಿ ಸೇರಿತು.

ಮಾತು ಮುಗಿದ ಮೇಲೆ ಕನ್ನಡ ಎಂ.ಎ. ಓದುತ್ತಿರುವ ಒಬ್ಬರು ಎದ್ದು ನಿಂತು ಕೇಳಿದರು: “ಸರ್, ನನಗೆ ಪ್ರೋಗ್ರಾಮಿಂಗ್ ಬಾರದು. ನಾನು ಏನು ಮಾಡಲಿ?”

ಅವರನ್ನು ವೇದಿಕೆಗೆ ಕರೆದು ಸೀಮೆಸುಣ್ಣ ಕೊಟ್ಟೆ. ‘ಬರು’ ಎಂಬ ಧಾತುವಿನ ರೂಪಗಳನ್ನು ನೆನಪಿಗೆ ಬಂದಷ್ಟು ಬರೆಯಲು ಹೇಳಿದೆ. ಅವರು ಬರೆಯುತ್ತಾ ಹೋದರು: ಬಂದನು, ಬಂದಳು, ಬರುತ್ತದೆ, ಬರುವ, ಬಂದರೆ, ಬರಲಿ, ಬಾ, ಬನ್ನಿ, ಬಂದಿದ್ದರೂ. ಕಂಪ್ಯೂಟರ್ ವಿಭಾಗದ ಇಬ್ಬರು ಹುಡುಗರು ಬೋರ್ಡಿನ ಪಕ್ಕ ನಿಂತು ಲ್ಯಾಪ್‌ಟಾಪಿನಲ್ಲಿ ಅವನ್ನು ಪಟ್ಟಿಗೆ ಇಳಿಸಿಕೊಂಡರು. ಒಂದೊಂದು ರೂಪದ ಎದುರಿಗೂ ‘ಬರು’ ಎಂಬ ಮೂಲ. ಬೋರ್ಡು ತುಂಬಿತು, ಮೂವತ್ತೊಂದು ರೂಪಗಳಾದವು. ಸಾಕೇ ಎಂದು ಅವರು ನನ್ನತ್ತ ತಿರುಗಿದರು. ಸಭೆಯಿಂದ ಯಾರೋ, “ನೀವು ಕೇಳಿದ ಪ್ರಶ್ನೆಯಲ್ಲೇ ಒಂದಿತ್ತು” ಎಂದರು. ಅವರು ಕ್ಷಣ ಯೋಚಿಸಿ, ಬೋರ್ಡಿನ ಮೂಲೆಯಲ್ಲಿ ಉಳಿದಿದ್ದ ಜಾಗದಲ್ಲಿ ಮೂವತ್ತೆರಡನೆಯದನ್ನು ಬರೆದರು: ಬಾರದು.